ಹೊಲದ ಅಕ್ಕಡಿ ತಟ್ಟೆಗೂ ಬರಲಿ: ಕಾಳುಬೇಳೆಯ ಸಸಾರಜನಕ ಮತ್ತು ಬೊಜ್ಜು

ರಾಗಿಯ ಹೊಲದಲ್ಲಿ ರಾಗಿಯನ್ನಷ್ಟೇ ಬಿತ್ತುವುದು ನಮ್ಮ ಹಿರಿಯರ ಪದ್ಧತಿಯಾಗಿರಲಿಲ್ಲ. ಶಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿಯಿಂದ ಹಿಡಿದು ಮಧುಗಿರಿ, ಕೊರಟಗೆರೆ, ಪಾವಗಡಗಳವರೆಗೆ ಹರಡಿರುವ ಮಳೆಯಾಶ್ರಿತ ಕೆಂಪು ನೆಲದಲ್ಲಿ ರಾಗಿಯ ಸಾಲುಗಳ ನಡುನಡುವೆ ಅಕ್ಕಡಿ ಸಾಲು ಇದ್ದೇ ಇರುತ್ತಿತ್ತು. ಆ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಬೆಳೆಯುತ್ತಿದ್ದವು. ಮುಂಗಾರು ಕೈಕೊಟ್ಟು ಮುಖ್ಯ ಬೆಳೆ ಹೋದರೆ ಹಿಂಗಾರಿನ ಒಂದೆರಡು ಹದ ಮಳೆಗೆ ಹುರುಳಿಯನ್ನಾದರೂ ಚೆಲ್ಲುತ್ತಿದ್ದರು. ಹೊಲದಲ್ಲಿ ಹೇಗೆ ರಾಗಿಯೂ ಕಾಳೂ ಜೊತೆಯಾಗಿದ್ದವೋ ಹಾಗೆಯೇ ತಟ್ಟೆಯಲ್ಲಿಯೂ ಮುದ್ದೆಯ ಪಕ್ಕದಲ್ಲಿ ಕಾಳಿನ ಸಾರು, ಕಾಳಿನ ಪಲ್ಯ ಇರುತ್ತಿದ್ದವು. ಇಂದು ಹೊಲದಿಂದ ಅಕ್ಕಡಿ ಮರೆಯಾಗುತ್ತಿದೆ, ತಟ್ಟೆಯಿಂದಲೂ ಮರೆಯಾಗುತ್ತಿದೆ. ಇದೇ ಕಾಲದಲ್ಲಿ ನಮ್ಮ ಊರುಗಳಲ್ಲಿ ಬೊಜ್ಜು, ಸಕ್ಕರೆ ಕಾಯಿಲೆ, ಪಿತ್ತಜನಕಾಂಗದ ಕೊಬ್ಬು ಹೆಚ್ಚುತ್ತಿವೆ. ಈ ಎರಡು ಸಂಗತಿಗಳಿಗೂ ಇರುವ ನಂಟನ್ನು ಈ ಸಂಚಿಕೆಯಲ್ಲಿ ಪರಿಶೀಲಿಸೋಣ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ಭಕ್ತಸಮೂಹದಲ್ಲಿ ಬಹುಪಾಲು ಜನರು ಸಸ್ಯಾಹಾರಿಗಳು. ಮಾಂಸ, ಮೊಟ್ಟೆಗಳನ್ನು ಮುಟ್ಟದವರಿಗೆ ಬೊಜ್ಜಿನ ಭಯವಿಲ್ಲವೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಇದು ನಿಜವಲ್ಲ. ಅನ್ನವೂ ಸಸ್ಯಾಹಾರವೇ, ಸಕ್ಕರೆಯೂ ಸಸ್ಯಾಹಾರವೇ, ಮೈದಾ ಹಿಟ್ಟಿನಲ್ಲಿ ಮಾಡಿ ಎಣ್ಣೆಯಲ್ಲಿ ಕರಿದ ತಿಂಡಿಯೂ ಸಸ್ಯಾಹಾರವೇ. ಸಸ್ಯಾಹಾರ ಎಂಬುದು ಒಂದು ವ್ರತ. ಅದು ತಾನಾಗಿಯೇ ಔಷಧವಾಗುವುದಿಲ್ಲ. ಆ ವ್ರತದೊಳಗೆ ನಾವು ಏನನ್ನು, ಎಷ್ಟನ್ನು ಆಯ್ದುಕೊಳ್ಳುತ್ತೇವೆ ಎಂಬುದರ ಮೇಲೆ ಆರೋಗ್ಯ ನಿಂತಿದೆ.

ಅಂಕಿ-ಅಂಶಗಳು ಹೇಳುವುದೇನು?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 2015-16ರಲ್ಲಿ ಕರ್ನಾಟಕದ ವಯಸ್ಕ ಮಹಿಳೆಯರಲ್ಲಿ ಸುಮಾರು ಶೇ. 23ರಷ್ಟು ಮಂದಿ ಅಧಿಕ ತೂಕದವರಾಗಿದ್ದರು. 2019-21ರ ಸಮೀಕ್ಷೆಯ ವೇಳೆಗೆ ಆ ಪ್ರಮಾಣ ಸುಮಾರು ಶೇ. 30ಕ್ಕೆ ಏರಿತು. ಪುರುಷರ ಸ್ಥಿತಿಯೂ ಹೆಚ್ಚುಕಡಿಮೆ ಇದೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಇಂಡಿಯಾಬ್ ಅಧ್ಯಯನವು, ಭಾರತದ ವಯಸ್ಕರಲ್ಲಿ ಶೇ. 39.5ರಷ್ಟು ಮಂದಿಗೆ ಹೊಟ್ಟೆಯ ಸುತ್ತಲಿನ ಬೊಜ್ಜು ಇದೆಯೆಂದು ಅಂದಾಜಿಸಿತು. ನೂರು ಜನರ ಪಂಕ್ತಿಯಲ್ಲಿ ಸುಮಾರು ನಲವತ್ತು ಮಂದಿ ಎಂದಾಯಿತು.

ಬೊಜ್ಜೆಂದರೆ ಕಣ್ಣಿಗೆ ಕಾಣುವ ದಪ್ಪ ಮೈ ಮಾತ್ರವಲ್ಲ. 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪ್ರಸಿದ್ಧ ಚಿತ್ರ ಪ್ರಕಟವಾಯಿತು. ಅದರಲ್ಲಿ ಪುಣೆಯ ವೈದ್ಯ ವಿಜ್ಞಾನಿ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್ ಅಕ್ಕಪಕ್ಕದಲ್ಲಿ ನಿಂತಿದ್ದಾರೆ. ಎತ್ತರಕ್ಕೆ ತೂಕದ ಅನುಪಾತ, ಅಂದರೆ ದೇಹ ತೂಕ ಸೂಚ್ಯಂಕ, ಇಬ್ಬರಿಗೂ ಒಂದೇ: 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿದ್ದ ಕೊಬ್ಬು ಶೇ. 9.1, ಯಾಜ್ಞಿಕ್ ಅವರ ದೇಹದಲ್ಲಿದ್ದುದು ಶೇ. 21.2. ನೋಡಲು ತೆಳ್ಳಗಿದ್ದರೂ ಭಾರತೀಯರ ದೇಹದಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಎಂಬ ತಥ್ಯವನ್ನು ಆ ಚಿತ್ರ ಜಗತ್ತಿಗೆ ಸಾರಿತು. ಆದ್ದರಿಂದಲೇ ನಮ್ಮವರಿಗೆ ಅಳತೆಗೋಲು ಬೇರೆ. ದೇಹ ತೂಕ ಸೂಚ್ಯಂಕ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಮೀರಬಾರದು. ಹೊಲಿಗೆಯವರ ಟೇಪು ಸಿಕ್ಕರೆ ಸಾಕು, ಈ ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು.

ಬದಲಾದದ್ದು ಯಾವುದು?

ಬದಲಾವಣೆ ಎರಡು ಕಡೆಯಿಂದ ಬಂದಿದೆ. ಒಂದು ಕಾಯಕದ ಕಡೆಯಿಂದ. ನೇಗಿಲು, ಕುಂಟೆ, ಬೀಸುಕಲ್ಲು, ಒನಕೆಗಳ ಕೆಲಸವನ್ನು ಈಗ ಟ್ರಾಕ್ಟರು, ಗಿರಣಿ, ಮಿಕ್ಸಿಗಳು ಮಾಡುತ್ತಿವೆ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆ ಭೂಮಿ ಗುತ್ತಿಗೆಯ ಮೇಲೆ ಸೌರ ವಿದ್ಯುತ್ ಸ್ಥಾವರಕ್ಕೆ ಹೋಗಿದೆ. ರೈತರ ಮನೆಗೆ ನಿಶ್ಚಿತ ವರಮಾನ ಬಂದದ್ದು ಸಂತೋಷವೇ; ಆದರೆ ಆ ನೆಲದ ಮೇಲೆ ಬೆವರು ಸುರಿಸುತ್ತಿದ್ದ ಮೈಗಳಿಗೆ ಬೇರೆ ದುಡಿಮೆ ಬೇಕಲ್ಲವೇ? ಕಾಯ ದುಡಿಯದಿದ್ದರೆ ಉಂಡದ್ದು ಉಳಿಯುತ್ತದೆ.

ಇನ್ನೊಂದು ಬದಲಾವಣೆ ಅನ್ನದ ಕಡೆಯಿಂದ ಬಂದದ್ದು. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆ ಬಡವರ ಮನೆಯ ಹಸಿವನ್ನು ನೀಗಿಸಿತು. ಅದನ್ನು ದೂಷಿಸುವುದು ಸಲ್ಲದು. ಆದರೆ ಅಕ್ಕಿ ಸುಲಭವಾಗಿ ದೊರೆಯುವಷ್ಟು ಸುಲಭವಾಗಿ ಬೇಳೆ ದೊರೆಯಲಿಲ್ಲ. ತೊಗರಿಬೇಳೆಯ ಬೆಲೆ ಏರಿದಾಗಲೆಲ್ಲ ಮನೆಯೊಡತಿ ಮಾಡುವುದು ಒಂದೇ ಉಪಾಯ: ಸಾರಿಗೆ ನೀರು ಸೇರಿಸುವುದು. ಹೀಗೆ ಅನ್ನದ ರಾಶಿ ಬೆಳೆಯಿತು, ಸಾರು ತೆಳುವಾಯಿತು. ನಮ್ಮ ಸೀಮೆಯ ಬೊಜ್ಜಿನ ಕಥೆಯನ್ನು ಈ ಒಂದು ವಾಕ್ಯದಲ್ಲಿ ಹಿಡಿಯಬಹುದು.

ಅನ್ನ ಕೊಬ್ಬಾಗುವ ಬಗೆ

ಬೊಜ್ಜು ಎಣ್ಣೆ, ತುಪ್ಪಗಳಿಂದ ಮಾತ್ರ ಬರುವುದೆಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಅನ್ನ, ಮುದ್ದೆ, ಸಕ್ಕರೆಗಳಲ್ಲಿರುವ ಪಿಷ್ಟವೂ ದೇಹದೊಳಗೆ ಕೊಬ್ಬಾಗಬಲ್ಲದು. ಪಿಷ್ಟ ಜೀರ್ಣವಾಗಿ ಗ್ಲೂಕೋಸ್ ಆಗಿ ರಕ್ತ ಸೇರಿದಾಗ ಮೇದೋಜೀರಕ ಗ್ರಂಥಿ ಇನ್ಸುಲಿನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಇನ್ಸುಲಿನ್ ಆ ಗ್ಲೂಕೋಸನ್ನು ಸ್ನಾಯುಗಳಿಗೂ ಪಿತ್ತಜನಕಾಂಗಕ್ಕೂ ಒಯ್ಯುತ್ತದೆ. ದುಡಿಯುವ ಸ್ನಾಯು ಅದನ್ನು ಉರಿಸುತ್ತದೆ. ಸ್ನಾಯು ಕಡಿಮೆಯಿದ್ದರೆ, ದುಡಿಮೆಯೂ ಇಲ್ಲದಿದ್ದರೆ, ಮಿಕ್ಕದ್ದನ್ನು ಪಿತ್ತಜನಕಾಂಗ ಟ್ರೈಗ್ಲಿಸರೈಡ್ ಎಂಬ ಕೊಬ್ಬಾಗಿ ಮಾರ್ಪಡಿಸುತ್ತದೆ. ಒಂದಿಷ್ಟು ಕೊಬ್ಬು ಅಲ್ಲಿಯೇ ಕೂಡುತ್ತದೆ. ಉಳಿದದ್ದು ರಕ್ತದ ಮೂಲಕ ಹರಿದು ಹೊಟ್ಟೆಯ ಸುತ್ತ ಶೇಖರವಾಗುತ್ತದೆ. ಇಷ್ಟೇ ಅಲ್ಲ, ರಕ್ತದಲ್ಲಿ ಇನ್ಸುಲಿನ್ ಹೆಚ್ಚಾಗಿರುವವರೆಗೆ ಮೊದಲೇ ಕೂಡಿಟ್ಟ ಕೊಬ್ಬು ಕರಗುವುದಿಲ್ಲ. ಕಣಜದ ಬಾಗಿಲು ಒಳಕ್ಕೆ ಮಾತ್ರ ತೆರೆದಿರುತ್ತದೆ, ಹೊರಕ್ಕಲ್ಲ. ಎಣ್ಣೆ ಜಿಡ್ಡು ಮುಟ್ಟದ, ಮದ್ಯ ಸೋಕದ ಸದ್ಗೃಹಸ್ಥರಿಗೂ ‘ಫ್ಯಾಟಿ ಲಿವರ್’ ಎಂಬ ವರದಿ ಬರುವುದು ಈ ಕಾರಣದಿಂದಲೇ.

ಸಸಾರಜನಕ ಮಾಡುವ ನಾಲ್ಕು ಕೆಲಸಗಳು

ಸಸಾರಜನಕವೆಂದರೆ ಸಾರಜನಕದಿಂದ ಕೂಡಿದ್ದು. ಅದನ್ನೇ ಪ್ರೋಟೀನು ಎನ್ನುತ್ತೇವೆ. ಅವರೆ, ತೊಗರಿ, ಹುರುಳಿಗಳ ಬೇರನ್ನು ಕಿತ್ತು ನೋಡಿದರೆ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಅವುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿನ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಅದರಿಂದಲೇ ದ್ವಿದಳ ಧಾನ್ಯಗಳಲ್ಲಿ ಸಸಾರಜನಕ ಹೇರಳ. ಹೊಲವನ್ನು ಫಲವತ್ತಾಗಿಸುವ ಶಕ್ತಿಯೇ ನಮ್ಮ ಮೈಯನ್ನೂ ಕಟ್ಟುತ್ತದೆ. ಮೇದಸ್ಸಿನ ವಿಷಯದಲ್ಲಿ ಅದು ಮಾಡುವ ಕೆಲಸಗಳು ಮುಖ್ಯವಾಗಿ ನಾಲ್ಕು.

ಒಂದು, ತೃಪ್ತಿ. ಸಸಾರಜನಕವುಳ್ಳ ಊಟ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಕರುಳಿನಿಂದ ಹೊರಡುವ ಹಾರ್ಮೋನುಗಳು ‘ಸಾಕು’ ಎಂಬ ಸಂದೇಶವನ್ನು ಮಿದುಳಿಗೆ ತಲುಪಿಸುತ್ತವೆ. ಸಿಂಪ್ಸನ್ ಮತ್ತು ರಾಬೆನ್‌ಹೈಮರ್ ಎಂಬ ವಿಜ್ಞಾನಿಗಳು 2005ರಲ್ಲಿ ಒಂದು ವಾದವನ್ನು ಮುಂದಿಟ್ಟರು: ದೇಹ ತನಗೆ ಬೇಕಾದ ಸಸಾರಜನಕ ಸಿಗುವವರೆಗೂ ಉಣ್ಣುತ್ತಲೇ ಇರಬಯಸುತ್ತದೆ; ಊಟದಲ್ಲಿ ಅದು ವಿರಳವಾಗಿದ್ದರೆ ಒಟ್ಟು ಊಟವೇ ಹೆಚ್ಚಾಗುತ್ತದೆ. ತಿಳಿಸಾರಿನ ಜೊತೆ ಮೂರು ಸಲ ಅನ್ನ ಬಡಿಸಿಕೊಂಡರೂ ಸಂಜೆ ನಾಲ್ಕಕ್ಕೆ ಬೋಂಡದ ಅಂಗಡಿಯ ಕಡೆಗೆ ಕಾಲು ಎಳೆಯುವುದೇಕೆಂಬುದಕ್ಕೆ ಇದರಲ್ಲಿ ಉತ್ತರ ಸಿಗಬಹುದು.

ಎರಡು, ಜಠರಾಗ್ನಿಯ ಖರ್ಚು. ಉಂಡದ್ದನ್ನು ಅರಗಿಸುವುದಕ್ಕೂ ಶಕ್ತಿ ಬೇಕು. ಕೊಬ್ಬಿನಿಂದ ಬಂದ 100 ಕ್ಯಾಲೊರಿಗಳಲ್ಲಿ ಈ ಖರ್ಚು ಹೆಚ್ಚೆಂದರೆ 3. ಪಿಷ್ಟದ ನೂರರಲ್ಲಿ 5ರಿಂದ 10. ಸಸಾರಜನಕದ ನೂರರಲ್ಲಿ 20ರಿಂದ 30. ಅಂದರೆ ಸಸಾರಜನಕದ ಒಂದು ಪಾಲು ಅರಗುವಾಗಲೇ ವ್ಯಯವಾಗುತ್ತದೆ.

ಮೂರು, ಸ್ನಾಯುವಿನ ರಕ್ಷಣೆ. ಊಟವನ್ನೇ ಬಿಟ್ಟು ತೂಕ ಇಳಿಸಿಕೊಳ್ಳುವವರಲ್ಲಿ ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ. ಕೊಬ್ಬನ್ನೂ ಸಕ್ಕರೆಯನ್ನೂ ಉರಿಸುವ ಒಲೆಯೇ ಸ್ನಾಯು. ಒಲೆಯನ್ನೇ ಕೆಡವಿದರೆ ಬೊಜ್ಜು ಮತ್ತೆ ಬೇಗ ಮರಳುತ್ತದೆ. ಸಾಕಷ್ಟು ಸಸಾರಜನಕ, ಅದರ ಜೊತೆಗೆ ಮೈ ದುಡಿಮೆ ಇದ್ದರೆ ಸ್ನಾಯು ಉಳಿದು ಕೊಬ್ಬು ಇಳಿಯುತ್ತದೆ.

ನಾಲ್ಕು, ಪಿತ್ತಜನಕಾಂಗದ ಶುದ್ಧಿ. ಜರ್ಮನಿಯ ಪಾಟ್ಸ್‌ಡ್ಯಾಮ್ ಬಳಿಯ ಪೋಷಣಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸಕ್ಕರೆ ಕಾಯಿಲೆ ಮತ್ತು ಪಿತ್ತಜನಕಾಂಗದ ಕೊಬ್ಬು ಎರಡೂ ಇದ್ದ 37 ಮಂದಿಗೆ ಆರು ವಾರಗಳ ಕಾಲ ಸಸಾರಜನಕ ಹೆಚ್ಚಾಗಿರುವ ಆಹಾರ ಕೊಟ್ಟರು. ಒಂದು ಗುಂಪಿಗೆ ಪ್ರಾಣಿಜನ್ಯ, ಇನ್ನೊಂದಕ್ಕೆ ಮುಖ್ಯವಾಗಿ ಬಟಾಣಿಯಿಂದ ಪಡೆದ ಸಸ್ಯಜನ್ಯ ಸಸಾರಜನಕ. 2017ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಪಿತ್ತಜನಕಾಂಗದ ಕೊಬ್ಬು ಶೇ. 36ರಿಂದ 48ರಷ್ಟು ಇಳಿಯಿತು. ಎರಡೂ ಗುಂಪುಗಳಲ್ಲಿ ಇಳಿಯಿತೆಂಬುದು ನಮಗೆ ಮುಖ್ಯ. ವ್ರತಭಂಗವಿಲ್ಲದೆ ಕಾಳಿನಿಂದಲೇ ಆ ಫಲ ಸಾಧ್ಯವೆಂದು ಇದರಿಂದ ತಿಳಿಯುತ್ತದೆ.

ಕಾಳಿನ ವಿಶೇಷವೇನು?

ಕಾಳು ಕೊಡುವ ಸಸಾರಜನಕ ಒಂಟಿಯಾಗಿ ಬರುವುದಿಲ್ಲ. ನಾರಿನಂಶವನ್ನೂ ಜೊತೆಗೆ ತರುತ್ತದೆ. ಈ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದುಕೊಂಡು ಹೊರಹೋಗುತ್ತದೆ. ಹೊಸ ಪಿತ್ತರಸ ತಯಾರಿಸಲು ಪಿತ್ತಜನಕಾಂಗ ರಕ್ತದಲ್ಲಿರುವ ಕೊಲೆಸ್ಟರಾಲನ್ನು ಸೆಳೆದುಕೊಳ್ಳಬೇಕಾಗುತ್ತದೆ. ಹೀಗಾಗಿ ರಕ್ತದ ಕೆಟ್ಟ ಕೊಲೆಸ್ಟರಾಲು ತಗ್ಗುತ್ತದೆ. ಮಿಕ್ಕ ನಾರನ್ನು ಕರುಳಿನ ಸೂಕ್ಷ್ಮಜೀವಿಗಳು ಹುದುಗಿಸಿ ಹಿತಕಾರಿ ಆಮ್ಲಗಳನ್ನು ಉಂಟುಮಾಡುತ್ತವೆ. ಇವು ಹಸಿವನ್ನು ಹದದಲ್ಲಿಡಲು ನೆರವಾಗುತ್ತವೆ. ಕಾಳಿನಲ್ಲಿರುವ ಪಿಷ್ಟವೂ ನಿಧಾನವಾಗಿ ಜೀರ್ಣವಾಗುವಂಥದು; ರಕ್ತದ ಸಕ್ಕರೆ ಥಟ್ಟನೆ ಏರುವುದಿಲ್ಲ. ಸೋಯಾ ಸಸಾರಜನಕ ತಿನ್ನಿಸಿದ ಇಲಿಗಳ ಪಿತ್ತಜನಕಾಂಗದಲ್ಲಿ ಕೊಬ್ಬು ತಯಾರಿಸುವ ವ್ಯವಸ್ಥೆಯೇ ಮಂದವಾದುದನ್ನು ವಿಜ್ಞಾನಿಗಳು ಗಮನಿಸಿದ್ದಾರೆ.

ಮನುಷ್ಯರ ಮೇಲಿನ ಪ್ರಯೋಗಗಳ ಫಲವೇನು? 2014ರಲ್ಲಿ ಕೆನಡಾದ ವಿಜ್ಞಾನಿಗಳು 26 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ದಿನವೂ ಸುಮಾರು 130 ಗ್ರಾಂ ಕಾಳು ಉಂಡವರಲ್ಲಿ ಕೆಟ್ಟ ಕೊಲೆಸ್ಟರಾಲು ಸುಮಾರು ಶೇ. 5ರಷ್ಟು ಇಳಿದಿತ್ತು. 2016ರಲ್ಲಿ ಇಂಥದೇ 21 ಪ್ರಯೋಗಗಳನ್ನು ಪರಿಶೀಲಿಸಿದಾಗ, ಸುಮಾರು ಆರು ವಾರಗಳಲ್ಲಿ ಕಾಳು ಉಂಡವರ ತೂಕ ಸರಾಸರಿ 0.34 ಕಿಲೋ ಹೆಚ್ಚಾಗಿ ಇಳಿದಿತ್ತು. ಮೂರೂವರೆ ನೂರು ಗ್ರಾಮಿಗೂ ಕಡಿಮೆ! ಇದು ಜಾಹೀರಾತಿಗೆ ಒದಗುವ ಅಂಕಿಯಲ್ಲ. ಆದರೆ ಯಾವ ಕಠಿಣ ಪಥ್ಯವೂ ಇಲ್ಲದೆ, ಹಸಿದಿರದೆ, ವರ್ಷಗಟ್ಟಲೆ ಮುಂದುವರಿಸಬಲ್ಲ ಅಭ್ಯಾಸದಿಂದ ಆದ ಇಳಿಕೆ ಇದು. ಹದಿನೈದು ದಿನಗಳಲ್ಲಿ ಹತ್ತು ಕಿಲೋ ಇಳಿಸುವೆವೆಂದು ಹೇಳುವವರನ್ನು ಭಕ್ತರು ನಂಬಬಾರದು.

ಇಂಡಿಯಾಬ್ ಅಧ್ಯಯನದ ಆಹಾರಕ್ಕೆ ಸಂಬಂಧಿಸಿದ ಭಾಗ 2025ರಲ್ಲಿ ಪ್ರಕಟವಾಯಿತು. ಭಾರತೀಯರ ಆಹಾರದ ಕ್ಯಾಲೊರಿಗಳಲ್ಲಿ ಸುಮಾರು ಶೇ. 62 ಪಿಷ್ಟ-ಸಕ್ಕರೆಗಳಿಂದಲೇ ಬರುತ್ತಿದೆ. ಸಸಾರಜನಕದ ಪಾಲು ಶೇ. 12ರಷ್ಟು ಮಾತ್ರ. ಒಟ್ಟು ಕ್ಯಾಲೊರಿಗಳಲ್ಲಿ ಶೇ. 5ರಷ್ಟನ್ನು ಪಿಷ್ಟದಿಂದ ಸಸ್ಯಜನ್ಯ ಅಥವಾ ಹಾಲಿನ ಸಸಾರಜನಕಕ್ಕೆ ಬದಲಿಸಿಕೊಂಡರೆ ಸಕ್ಕರೆ ಕಾಯಿಲೆಯ ಸಂಭವ ಕಡಿಮೆಯೆಂದು ಆ ಅಧ್ಯಯನ ಲೆಕ್ಕಹಾಕಿತು. ‘ಬದಲಿಸಿಕೊಂಡರೆ’ ಎಂಬ ಮಾತನ್ನು ಗಮನಿಸಬೇಕು. ಮೊದಲಿನಷ್ಟೇ ಅನ್ನ ಉಂಡು, ಅದರ ಮೇಲೆ ಕಾಳನ್ನೂ ಸೇರಿಸಿದರೆ ತೂಕ ಇಳಿಯುವುದಿಲ್ಲ. ಕಾಳು ಒಂದು ಸೌಟು ಏರಿದರೆ ಅನ್ನ ಒಂದು ಸೌಟು ಇಳಿಯಬೇಕು.

ಹಳೆಯ ಜ್ಞಾನದ ಸಮ್ಮತಿ

ಈ ಮಾತು ನಮ್ಮ ನಾಡಿಗೆ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯ ಅತಿಸ್ಥೂಲರ ಚಿಕಿತ್ಸೆಯನ್ನು ಹೇಳುತ್ತದೆ. ಅವರಿಗೆ ಯೋಗ್ಯವೆಂದು ಹೆಸರಿಸಿದ ಧಾನ್ಯಗಳಲ್ಲಿ ಪ್ರಿಯಂಗು ಅಂದರೆ ನವಣೆ, ಕೋದ್ರವ ಅಂದರೆ ಹಾರಕ, ಯವ ಅಂದರೆ ಜವೆಗೋಧಿ ಇವೆ. ಕಾಳುಗಳಲ್ಲಿ ಮುದ್ಗ ಅಂದರೆ ಹೆಸರು, ಕುಲತ್ಥ ಅಂದರೆ ಹುರುಳಿ, ಆಢಕೀ ಅಂದರೆ ತೊಗರಿ ಇವೆ. ಸ್ಥೂಲರ ಆಹಾರ ಜೀರ್ಣಕ್ಕೆ ಗುರುವಾಗಿರಬೇಕು, ಆದರೆ ಮೈ ಬೆಳೆಸುವಂತಿರಬಾರದು ಎಂಬುದು ಅಲ್ಲಿನ ತತ್ತ್ವ. ನಿಧಾನವಾಗಿ ಜೀರ್ಣವಾಗಿ ಹೊಟ್ಟೆ ತುಂಬಿಸಬೇಕೆಂದು ಇಂದಿನ ವಿಜ್ಞಾನ ಹೇಳುವುದೂ ಇದನ್ನೇ ಹೋಲುತ್ತದೆ.

ಹುರುಳಿಯಂತೂ ನಮ್ಮ ನೆಲದ ಆದಿ ಬೆಳೆಗಳಲ್ಲೊಂದು. ಬಳ್ಳಾರಿಯ ಸಂಗನಕಲ್ಲು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ಸಾವಿರಾರು ವರ್ಷ ಹಳೆಯ, ಸುಟ್ಟು ಕರಿಯಾದ ಹುರುಳಿಕಾಳುಗಳು ಉತ್ಖನನದಲ್ಲಿ ದೊರೆತಿವೆ. ಕುದುರೆಯ ಮೇವೆಂದು ಕೆಲವರು ಕೀಳಾಗಿ ಕಾಣುವ ಈ ಕಾಳಿನ 100 ಗ್ರಾಮಿನಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ. ಕೊಬ್ಬು ಒಂದು ಗ್ರಾಮೂ ಇಲ್ಲ. ತೊಗರಿಬೇಳೆಗೆ ಸಮನಾದ ಸಸಾರಜನಕ ಅದಕ್ಕಿಂತ ಅಗ್ಗವಾಗಿ, ಅದಕ್ಕಿಂತ ಕಡಿಮೆ ನೀರಿನಲ್ಲಿ ನಮ್ಮದೇ ಹೊಲದಲ್ಲಿ ಬೆಳೆಯುತ್ತದೆ.

ರಾಗಿಗೂ ಕಾಳಿಗೂ ಇರುವ ನೆಂಟಸ್ತಿಕೆ

ಸಸ್ಯಗಳ ಸಸಾರಜನಕ ಅಪೂರ್ಣವಾದುದೆಂದು ಹೇಳುವವರುಂಟು. ಮಾತಿನಲ್ಲಿ ಅರ್ಧ ಸತ್ಯವಿದೆ. ಸಸಾರಜನಕ ಅಮೈನೋ ಆಮ್ಲಗಳೆಂಬ ಮಣಿಗಳಿಂದ ಪೋಣಿಸಿದ ಸರ. ಧಾನ್ಯಗಳಲ್ಲಿ ಲೈಸಿನ್ ಎಂಬ ಮಣಿ ಕಡಿಮೆ. ಕಾಳುಗಳಲ್ಲಿ ಮಿಥಿಯೋನಿನ್ ಎಂಬ ಮಣಿ ಕಡಿಮೆ. ಆದರೆ ರಾಗಿಯಲ್ಲಿ ಮಿಥಿಯೋನಿನ್ ಚೆನ್ನಾಗಿದೆ, ಹುರುಳಿ-ಅವರೆಗಳಲ್ಲಿ ಲೈಸಿನ್ ಸಮೃದ್ಧವಾಗಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮುದ್ದೆಯೊಡನೆ ಹುರುಳಿ ಸಾರು, ಅನ್ನದೊಡನೆ ಬೇಳೆ, ಇಡ್ಲಿಯಲ್ಲಿ ಅಕ್ಕಿಯೊಡನೆ ಉದ್ದು, ಇವೆಲ್ಲ ನಮ್ಮ ಅಡಿಗೆಮನೆಗಳು ಅನುಭವದಿಂದ ಕಂಡುಕೊಂಡ ಜೋಡಿಗಳು. ಹೊಲದ ಅಕ್ಕಡಿಯೇ ತಟ್ಟೆಗೂ ಬಂದಿತ್ತೆಂದು ಆರಂಭದಲ್ಲಿ ಹೇಳಿದ್ದು ಈ ಅರ್ಥದಲ್ಲಿ.

ಎಷ್ಟು ಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಿಫಾರಸಿನಂತೆ ಆರೋಗ್ಯವಂತ ವಯಸ್ಕರಿಗೆ ದಿನವೊಂದಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಸಸಾರಜನಕ ಬೇಕು. 60 ಕಿಲೋ ತೂಕದವರಿಗೆ ಇದು ಸುಮಾರು 50 ಗ್ರಾಂ. ಇದನ್ನು ಎರಡು ತಟ್ಟೆಗಳಲ್ಲಿ ಲೆಕ್ಕಹಾಕಿ ನೋಡೋಣ.

ಮೊದಲನೆಯ ತಟ್ಟೆಯಲ್ಲಿ ದಿನಕ್ಕೆ ಅಕ್ಕಿ, ರಾಗಿ ಸೇರಿ 400 ಗ್ರಾಂ; ಅದರಿಂದ ಸಸಾರಜನಕ ಸುಮಾರು 29 ಗ್ರಾಂ. ತಿಳಿಸಾರಿನಲ್ಲಿ 25 ಗ್ರಾಂ ಬೇಳೆ, ಅದರಿಂದ ಐದೂವರೆ. ಚಹಾದಲ್ಲಿ 100 ಮಿ.ಲೀ. ಹಾಲು, ಅದರಿಂದ ಮೂರು. ಒಟ್ಟು 38ರ ಒಳಗೆ. ಹೊಟ್ಟೆ ಬಿರಿಯುವಂತೆ ಉಂಡರೂ ಸಸಾರಜನಕದ ಕೊರತೆ ನೀಗಲಿಲ್ಲ.

ಎರಡನೆಯ ತಟ್ಟೆ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಗೆ ಹತ್ತಿರವಾದುದು. ಧಾನ್ಯ 250 ಗ್ರಾಂ; ಅದರಿಂದ ಸುಮಾರು 19 ಗ್ರಾಂ. ಕಾಳುಬೇಳೆ 85 ಗ್ರಾಂ. ಅದರಿಂದ 18ಕ್ಕೂ ಹೆಚ್ಚು. ಹಾಲು-ಮೊಸರು 300 ಮಿ.ಲೀ.; ಅದರಿಂದ 9-10. ಕಡಲೆಕಾಯಿ ಬೀಜ ಒಂದು ಹಿಡಿ, 25 ಗ್ರಾಂ, ಅದರಿಂದ 6. ಒಟ್ಟು 50 ದಾಟಿತು. ಅನ್ನ-ಮುದ್ದೆ ಕಡಿಮೆಯಾದರೂ ಕೊರತೆ ಇಲ್ಲವಾಯಿತು.

85 ಗ್ರಾಂ ಎಂಬುದು ಒಣಕಾಳಿನ ತೂಕ. ಐದು ಜನರ ಮನೆಗೆ ದಿನಕ್ಕೆ 400 ಗ್ರಾಮಿಗೂ ಮೇಲೆ ಆಯಿತು. ಇಡೀ ಮನೆಗೆ ಒಂದೆರಡು ಹಿಡಿ ಬೇಳೆ ಹಾಕಿ ಸಾರು ಮಾಡುವ ನಮಗೆ ಈ ಲೆಕ್ಕ ಕಣ್ಣು ತೆರೆಸುವಂಥದು. ಡಬ್ಬಿಗಳಲ್ಲಿ ಬರುವ ದುಬಾರಿ ಪ್ರೋಟೀನ್ ಪುಡಿಯ ಮೇಲೆ ಹಣ ಸುರಿಯುವ ಮೊದಲು ಮನೆಯ ಕಾಳಿನ ಡಬ್ಬಿಯನ್ನು ನೋಡಿಕೊಳ್ಳುವುದು ಲೇಸು.

ಅಡಿಗೆಮನೆಯಲ್ಲಿ ಪಾಲಿಸಬೇಕಾದವು

ಬಸ್ಸಾರು ನಮ್ಮ ಸೀಮೆಯ ಹೆಮ್ಮೆ. ಆದರೆ ಸೊಪ್ಪು-ಕಾಳು ಬೇಯಿಸಿ ಬಸಿದ ಕಟ್ಟಿನಲ್ಲಿ ರುಚಿ ಇರುತ್ತದೆಯೇ ಹೊರತು ಸಸಾರಜನಕದ ಬಹುಪಾಲು ಉಳಿಯುವುದು ಕಾಳಿನಲ್ಲಿಯೇ. ಆದ್ದರಿಂದ ಪಲ್ಯವನ್ನು ತಟ್ಟೆಯಂಚಿಗೆ ಒಂದು ಚಮಚ ಬಡಿಸಿ ಮುಗಿಸಬಾರದು. ಸಾರು ಸುರಿದರೆ ಸಾಲದು, ಕಾಳು ಅಗಿಯಬೇಕು. ಹುರುಳಿಕಟ್ಟಿನ ಸಾರಿಗೂ ಇದೇ ಮಾತು.

ಹುರುಳಿ, ಹೆಸರು, ಅಲಸಂದೆ, ಕಡಲೆಗಳನ್ನು ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಚೆನ್ನಾಗಿ ಬೇಯಿಸಬೇಕು. ಹಸಿಕಾಳಿನಲ್ಲಿ ಜೀರ್ಣಕ್ಕೆ ಅಡ್ಡಿ ಮಾಡುವ ಅಂಶಗಳು ಇದರಿಂದ ಕುಗ್ಗುತ್ತವೆ. ವಾಯುವಿನ ಬಾಧೆಯೂ ಇಳಿಯುತ್ತದೆ. ಕಾಳಿನ ಅಭ್ಯಾಸ ಇಲ್ಲದವರು ಸ್ವಲ್ಪದಿಂದ ಆರಂಭಿಸಿ ಎರಡು ಮೂರು ವಾರಗಳಲ್ಲಿ ಪ್ರಮಾಣ ಏರಿಸಬೇಕು. ಶುಂಠಿ, ಜೀರಿಗೆ, ಇಂಗು ಒಗ್ಗರಣೆಗಿರಲಿ. ನಿಂಬೆ ಅಥವಾ ನೆಲ್ಲಿಕಾಯಿ ಜೊತೆಗಿದ್ದರೆ ಕಾಳಿನಲ್ಲಿರುವ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಬೆನ್ನಲ್ಲೇ ಚಹಾ ಕುಡಿದರೆ ಹತ್ತುವುದಿಲ್ಲ.

ಸಂಜೆಯ ಕರಿದ ತಿಂಡಿಯ ಸ್ಥಾನಕ್ಕೆ ಗುಗ್ಗರಿ, ಹೆಸರುಬೇಳೆ ಕೋಸಂಬರಿ, ಹುರಿಗಡಲೆ ಬರಲಿ. ಅವರೆಯ ಸುಗ್ಗಿಯಲ್ಲಿ ಹಿದುಕಿದ ಬೇಳೆಯ ಸಾರು ಮನೆಮನೆಯಲ್ಲಿಯೂ ಇರುತ್ತದೆ. ಅದರಲ್ಲಿ ತೇಲುವ ಎಣ್ಣೆಯ ಮೇಲೆ ಕಣ್ಣಿರಲಿ. ಕಡಲೆಕಾಯಿ ನಮ್ಮ ನೆಲದ ಸಂಪತ್ತು, ಸಸಾರಜನಕವೂ ಶೇ. 25ರ ಸಮೀಪವಿದೆ. ಆದರೆ ಅದರ ತೂಕದ ನಲವತ್ತಕ್ಕೂ ಹೆಚ್ಚು ಪಾಲು ಕೊಬ್ಬು. ಆದ್ದರಿಂದ ದಿನಕ್ಕೆ ಒಂದು ಹಿಡಿ ಸಾಕು. ಬೂಷ್ಟು ಹಿಡಿದ ಬೀಜವನ್ನು ತೊಳೆದು ಬಳಸುವುದೂ ಬೇಡ. ಅದರ ವಿಷ ಪಿತ್ತಜನಕಾಂಗಕ್ಕೆ ಅಪಾಯಕಾರಿ. ಹೋಳಿಗೆಯೊಳಗೂ ಬೇಳೆ ಇದೆಯಲ್ಲ ಎಂದು ವಾದಿಸುವ ಭಕ್ತರುಂಟು. ಇದೆ, ನಿಜ, ಅದರೊಡನೆ ಬೆಲ್ಲ, ಮೈದಾ, ತುಪ್ಪಗಳೂ ಇವೆ. ಹಬ್ಬದ ದಿನದ ಪ್ರಸಾದವಾಗಿ ಅದು ಸವಿಯಲಿ, ಪಥ್ಯದ ಲೆಕ್ಕಕ್ಕೆ ಬೇಡ. ಶ್ರಾವಣ ಸೋಮವಾರದ ಉಪವಾಸವನ್ನು ಕರಿದ ತಿಂಡಿಯಿಂದ ಮುರಿಯುವುದಕ್ಕಿಂತ ಕೋಸಂಬರಿ, ಹಣ್ಣು, ಮಜ್ಜಿಗೆಗಳಿಂದ ಮುರಿಯುವುದು ಒಳ್ಳೆಯದು.

ಎಚ್ಚರಿಕೆಯ ಮಾತುಗಳು

ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಸಸಾರಜನಕ ಹೆಚ್ಚಿಸಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನ ತಗ್ಗಿಸುವಾಗ ರಕ್ತದ ಸಕ್ಕರೆ ಅತಿಯಾಗಿ ಇಳಿಯದಂತೆ ವೈದ್ಯರ ಸಲಹೆ ಪಡೆಯಬೇಕು. ಥೈರಾಯ್ಡ್ ಮಾತ್ರೆ ನುಂಗುವವರು ಅದರೊಡನೆಯೇ ಸೋಯಾ ಪದಾರ್ಥ ತಿನ್ನಬಾರದು. ನಡುವೆ ಕೆಲವು ಗಂಟೆಗಳ ಅಂತರವಿರಲಿ. ಸೋಯಾವನ್ನು ಅಮೃತವೆಂದು ಹೊಗಳುವುದೂ ಬೇಡ. ದಿನಕ್ಕೆ 25 ಗ್ರಾಂ ಸೋಯಾ ಸಸಾರಜನಕ ಹೃದಯಕ್ಕೆ ಹಿತವೆಂದು ಮುದ್ರಿಸಲು 1999ರಲ್ಲಿ ಅನುಮತಿ ನೀಡಿದ ಅಮೆರಿಕದ ಆಹಾರ ಇಲಾಖೆಯೇ, ಸಾಕ್ಷ್ಯಗಳು ಒಂದೇ ತೆರನಾಗಿಲ್ಲವೆಂದು 2017ರಲ್ಲಿ ಆ ಅನುಮತಿಯನ್ನು ಹಿಂಪಡೆಯುವ ಪ್ರಸ್ತಾಪ ಮಾಡಿತು. ಯಾವುದೇ ಒಂದು ಕಾಳಿಗೆ ಜೋತುಬೀಳದೆ ಹಲವನ್ನು ಸರದಿಯಲ್ಲಿ ಬಳಸುವುದೇ ಉತ್ತಮ. ಬೆಳೆಯುವ ಮಕ್ಕಳ ಮೇಲೆ ತೂಕ ಇಳಿಸುವ ಪಥ್ಯವನ್ನು ಹೇರಬಾರದು. ಅವರಿಗೆ ಕಾಳೂ ಬೇಕು, ಆಟವೂ ಬೇಕು. ಹಲ್ಲಿಲ್ಲದ ವೃದ್ಧರು ಗಂಜಿ, ಬನ್ನುಗಳಲ್ಲೇ ದಿನ ಕಳೆಯುವುದುಂಟು. ಅವರಿಗೆ ನುಣ್ಣಗೆ ಬೇಯಿಸಿ ಮಸೆದ ಬೇಳೆ, ಮೊಸರು ಕೊಡಬೇಕು. ಸ್ನಾಯು ಕ್ಷಯಿಸುವ ವಯಸ್ಸಿನಲ್ಲಿ ಸಸಾರಜನಕದ ಅಗತ್ಯ ಹೆಚ್ಚೇ ಹೊರತು ಕಡಿಮೆಯಲ್ಲ.

ಕೊನೆಯ ತಟ್ಟೆ

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಅದೇ ಎಲ್ಲಕ್ಕಿಂತ ಮುಖ್ಯವಾದುದು. ನಮ್ಮ ಬಹುತೇಕ ಮನೆಗಳಲ್ಲಿ ಕೊನೆಗೆ ಉಣ್ಣುವವಳು ಅಡಿಗೆ ಮಾಡಿದವಳು. ಗಂಡಸರು, ಮಕ್ಕಳು, ಅತಿಥಿಗಳು ಎದ್ದ ಮೇಲೆ ಪಾತ್ರೆಯ ತಳದಲ್ಲಿ ಸಾರಿನ ತಿಳಿ ಉಳಿದಿರುತ್ತದೆ, ಕಾಳು ಮುಗಿದಿರುತ್ತದೆ. ಆಕೆ ಮಿಕ್ಕ ಅನ್ನಕ್ಕೆ ಆ ತಿಳಿಯನ್ನೇ ಸುರಿದುಕೊಂಡು ಹೊಟ್ಟೆ ತುಂಬಿಸಿಕೊಳ್ಳುತ್ತಾಳೆ. ಕರ್ನಾಟಕದ ಮಹಿಳೆಯರಲ್ಲಿ ಹತ್ತರಲ್ಲಿ ಮೂವರು ಅಧಿಕ ತೂಕದವರಾಗಿದ್ದರೆ, ಸುಮಾರು ಅರ್ಧದಷ್ಟು ಮಂದಿ ರಕ್ತಹೀನತೆಯುಳ್ಳವರು ಎಂದು ಅದೇ ಸಮೀಕ್ಷೆ ಹೇಳುತ್ತದೆ. ಮೈ ತುಂಬಿದೆ, ಸತ್ತ್ವವಿಲ್ಲ. ‘ಊಟ ಕಡಿಮೆ ಮಾಡಮ್ಮ’ ಎಂದು ಆಕೆಗೆ ಉಪದೇಶಿಸುವುದು ಸುಲಭ. ಆಕೆಯ ಪಾಲಿನ ಕಾಳನ್ನು ಮೊದಲೇ ತೆಗೆದಿಡುವುದು ಧರ್ಮ.

ಕಾಯಕ-ದಾಸೋಹಗಳನ್ನು ಬಾಳಿನ ಎರಡು ಕಣ್ಣುಗಳೆಂದು ತಿಳಿದವರು ನಾವು. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳು ಸಹಸ್ರಾರು ಮಕ್ಕಳಿಗೆ ಪ್ರತಿದಿನ ಉಣಬಡಿಸುತ್ತ, ತಾವು ಮಾತ್ರ ಮಿತಾಹಾರಿಗಳಾಗಿ 111 ವರ್ಷ ಬಾಳಿದರು. ದಾಸೋಹದ ಪಂಕ್ತಿಯಲ್ಲಿ ಮೊದಲು ಕುಳಿತವರಿಗೊಂದು ಸಾರು, ಕೊನೆಗೆ ಬಂದವರಿಗೊಂದು ಸಾರು ಎಂಬ ಭೇದವಿರುವುದಿಲ್ಲ. ಆ ನಿಯಮ ನಮ್ಮ ಮನೆಯ ಪಂಕ್ತಿಗೂ ಬರಲಿ. ಸುಗ್ಗಿಯಲ್ಲಿ ಮಠಕ್ಕೆ ಧಾನ್ಯ ಸಲ್ಲಿಸುವ ಭಕ್ತರು ರಾಗಿಯ ಚೀಲದೊಡನೆ ಹುರುಳಿ, ಅವರೆ, ತೊಗರಿಗಳ ಚೀಲವನ್ನೂ ತರಲಿ. ಮುಂಬರುವ ಮುಂಗಾರಿನಲ್ಲಿ ನಾಲ್ಕು ಅಕ್ಕಡಿ ಸಾಲುಗಳನ್ನಾದರೂ ಬಿತ್ತೋಣ. ಇಂದು ರಾತ್ರಿಯೇ ಒಂದು ಪಾತ್ರೆಯಲ್ಲಿ ಹುರುಳಿ ನೆನೆಯಲಿ. ನಾಳೆ ಬಡಿಸುವಾಗ ಅಡಿಗೆ ಮಾಡಿದವರ ತಟ್ಟೆಗೂ ಸೌಟು ತುಂಬ ಕಾಳು ಬೀಳಲಿ.